ಮರ್ವಿನ್ ಡಿಕ್ಸನ್ ಬೆನ್ನು ತಿರುಗಿಸಿ ಹಾಡಿದ್ದು

ಮರ್ವಿನ್ ಡಿಕ್ಸನ್ನನ ಮುಖ ಕಂಡವರಿಗಿಂತ ಬೆನ್ನು ಕಂಡವರೇ ಹೆಚ್ಚು. ಆಲಿಸ್ ಪಟ್ಟಣದಿಂದ ಪಶ್ಚಿಮಕ್ಕೆ, ಕೆಂಪು ಧೂಳಿನಲ್ಲಿ ಅರ್ಧ ದಿನ ಲಾರಿ ಓಡಿಸಿದರೆ ಸಿಗುವ ಕೊಳವೆಬಾವಿಯ ಸುತ್ತ ಬೆಳೆದ ನಮ್ಮ ಊರು ಹ್ಯಾಗನ್ಸ್ ಬೋರಿನಲ್ಲಿ ಗಿಟಾರು ಹಿಡಿದವರಿಗೇನೂ ಬರವಿಲ್ಲ. ಮೂರು ಮನೆಗೊಬ್ಬ ಗಾಯಕನಿದ್ದಾನೆ, ನಾಲ್ಕನೆಯ ಮನೆಯವನು ಕಲಿಯುತ್ತಿದ್ದಾನೆ. ಆದರೆ ಜನಕ್ಕೆ ಬೆನ್ನು ಕೊಟ್ಟು ಹಾಡಿ ಹೆಸರು ಮಾಡಿದವನು ಮರ್ವಿನ್ ಒಬ್ಬನೇ. ಪಟ್ಟಣದ ಪತ್ರಿಕೆಯವನು ಅವನನ್ನು 'ಮರುಭೂಮಿಗೆ ಮಾತ್ರ ಹಾಡುವ ಗಾಯಕ' ಎಂದು ಬರೆದ. ಮರುಭೂಮಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎದುರಿಗೆ ಅತ್ತೆ ಕೂತಿದ್ದಳು.

ಈ ನೆಲದ ಮೂಲಜನರಾದ ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಅವಳೊಡನೆ ಮಾತಾಡುವಂತಿಲ್ಲ, ಅವಳ ಹೆಸರೆತ್ತುವಂತಿಲ್ಲ, ಅವಳ ವಿಷಯ ನಾಲಗೆಯ ಮೇಲೆ ತರುವಂತಿಲ್ಲ. ಅವಳಿಗೂ ಅಷ್ಟೇ ಕಟ್ಟು. ಇದು ದ್ವೇಷದಿಂದ ಹುಟ್ಟಿದ ನಿಯಮವಲ್ಲ, ಮರ್ಯಾದೆಯಿಂದ ಹುಟ್ಟಿದ್ದು. ನಮ್ಮಲ್ಲಿ ಎಷ್ಟೋ ಮನೆಗಳು ಇದೊಂದರಿಂದಲೇ ತಣ್ಣಗಿವೆ. ಮರ್ವಿನ್ ಮತ್ತು ಅವನ ಅತ್ತೆ ಬೆರಿಲ್ ಮಾತ್ರ ಇಷ್ಟು ಒಳ್ಳೆಯ ನಿಯಮವನ್ನು ಹಿಡಿದುಕೊಂಡು ಒಂದು ಆಯುಷ್ಯ ಕಾದಾಡಿದರು.

ಮರ್ವಿನ್ ಹುಟ್ಟಿದ್ದು ಪೂರ್ವದ ಕಡೆ, ಬಿಳಿಯನೊಬ್ಬನ ದನದ ಫಾರಮ್ಮಿನಲ್ಲಿ. ಅಪ್ಪ ಅಲ್ಲಿ ಕುದುರೆಯ ಮೇಲೆ ಕೂತು ದನ ಅಟ್ಟುತ್ತಿದ್ದ. ಸಂಬಳವೆಂದರೆ ಹಿಟ್ಟು, ಚಹಾಪುಡಿ, ಸಕ್ಕರೆ. ಸಂಜೆಯಾದರೆ ಯಜಮಾನ ಜಗಲಿಯಲ್ಲಿ ಗ್ರಾಮಫೋನ್ ಹಾಕುತ್ತಿದ್ದ. ದನಗಾಹಿಗಳ ಹಾಡು, ಮನೆ ಬಿಟ್ಟವರ ಹಾಡು, ರೈಲು ತಪ್ಪಿಸಿಕೊಂಡವರ ಹಾಡು. ಜಗಲಿ ಹತ್ತುವ ಹಾಗಿರಲಿಲ್ಲವಾದ್ದರಿಂದ ನಮ್ಮವರೆಲ್ಲ ಕುದುರೆಲಾಯದ ಬೇಲಿಗೆ ಒರಗಿ ಕೇಳುತ್ತಿದ್ದರು. ಮರ್ವಿನ್ ಆ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದ. ಆಮೇಲೆ ಬಿಳಿಯರಿಗೆ ಕೊಡುವಷ್ಟೇ ಕೂಲಿಯನ್ನು ಕರಿಯರಿಗೂ ಕೊಡಬೇಕೆಂದು ಕಾನೂನು ಬಂತು. ಯಜಮಾನ ಕಾನೂನಿಗೆ ತಲೆಬಾಗಿ, ಅಷ್ಟೂ ಜನರನ್ನು ಲಾರಿಗೆ ತುಂಬಿ ಹ್ಯಾಗನ್ಸ್ ಬೋರಿನಲ್ಲಿ ಇಳಿಸಿ ಹೋದ. ಅಪ್ಪ ಕುದುರೆಯೇ ಇಲ್ಲದ ಊರಿನಲ್ಲಿ ಸವಾರರ ಮುಳ್ಳುಬೂಟು ಹಾಕಿಕೊಂಡು ಅಂಗಡಿಗೆ ಹೋಗಿ ಬರುತ್ತಾ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈಯುತ್ತಾ ಕೊನೆಯ ದಿನಗಳನ್ನು ಕಳೆದ. ಮಗನಿಗೆ ಉಳಿದದ್ದು ಅಪ್ಪನ ಅಗಲ ಅಂಚಿನ ಟೋಪಿ.

ಟೋಪಿ ತಲೆಗೆ ಬಂದದ್ದೇ ಮರ್ವಿನ್ ತಾನೊಬ್ಬ ದನಗಾಹಿ ಎಂದು ನಂಬಿದ. ಕುದುರೆ ಹತ್ತಿದ್ದು ಒಮ್ಮೆ. ಇಳಿಯುವ ಕೆಲಸವನ್ನು ಕುದುರೆಯೇ ಮಾಡಿಸಿತು. ಆದರೂ ಅವನ ಹಾಡುಗಳಲ್ಲಿ ಅವನು ಸದಾ ಜೀನಿನ ಮೇಲೇ ಇರುತ್ತಿದ್ದ. ಬೆಲ್ಟಿಗೆ ಅಂಗೈಯಷ್ಟು ದೊಡ್ಡ ಬಿಲ್ಲೆ, ಕಾಲಿಗೆ ಮೊನಚು ಬೂಟು. ಅವನು ನೀರಿನ ಟ್ಯಾಂಕಿನ ಹತ್ತಿರ ನಡೆದು ಹೋದರೆ ಮುದುಕಿಯರು, "ಅಗೋ, ಕುದುರೆ ಎಲ್ಲೋ ಕಳ್ಕೊಂಡ ಹಾಗಿದೆ, ಪಾಪ" ಅನ್ನುತ್ತಿದ್ದರು.

ಅವನು ಮದುವೆಯಾದದ್ದು ಲೊರೈನಳನ್ನು. ಅವಳ ದನಿ ಅವನಿಗಿಂತ ಚೆನ್ನಾಗಿತ್ತು, ಅದನ್ನು ಅವನೊಬ್ಬನ ಹೊರತು ಊರೆಲ್ಲ ಬಲ್ಲದು. ಅವಳ ತಮ್ಮ ಸ್ಟಾನ್ಲಿ ತಂಡದಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದ. ಇವರಿಬ್ಬರ ತಾಯಿಯೇ ಬೆರಿಲ್. ಚರ್ಚಿನ ಹೆಂಗಸರ ಹಾಡಿನ ಮೇಳಕ್ಕೆ ಅವಳೇ ಮುಖ್ಯಸ್ಥೆ. ಕೈಯಲ್ಲಿ ಕೋಲು, ಹಿಂದೆ ನಾಯಿಗಳ ದಂಡು. ದಂಡಿನ ಮುಂದಾಳು ಕುಂಟುಕಾಲಿನ ಹಳದಿ ನಾಯಿ. ಅದರ ಹೆಸರು ಸಾರ್ಜೆಂಟ್. ಪೊಲೀಸಿನವನೊಬ್ಬನ ಮೇಲಿನ ಸಿಟ್ಟಿಗೆ ಇಟ್ಟದ್ದು.

ಅತ್ತೆಗೆ ಬದುಕಿಡೀ ಮಾಂಸ ತಂದುಕೊಡುವುದು ಅಳಿಯನ ಕೆಲಸ. ತಾನೇ ಬೇಟೆಯಾಡಿ, ಬೇರೆಯವರ ಕೈಯಲ್ಲಿ ಕಳಿಸಬೇಕು. ಮರ್ವಿನ್ ಬಂದೂಕು ಹಿಡಿದರೆ ಕಾಂಗರೂಗಳು ನಿಂತು ನೋಡುತ್ತಿದ್ದವು. ಮೊದಲ ಚಳಿಗಾಲದಲ್ಲೇ ಅವನು ಅಂಗಡಿಯ ಐಸ್‌ಪೆಟ್ಟಿಗೆಯಿಂದ ಕಾಂಗರೂ ಬಾಲ ತಂದು, ಪ್ಲಾಸ್ಟಿಕ್ ಬಿಚ್ಚಿ, ಮಣ್ಣಿನಲ್ಲಿ ಒಂದು ಸುತ್ತು ಹೊರಳಿಸಿ, ಸ್ಟಾನ್ಲಿಯ ಕೈಯಲ್ಲಿ ಕಳಿಸಿದ. ಬೆರಿಲ್ ಬಾಲವನ್ನು ಕೋಲಿಂದ ಬಡಿದು ನೋಡಿದಳು. ಟಣ್ ಅಂದಿತು. ಅಳಿಯ ಆಚೆ ಲಾರಿಯ ಮರೆಯಲ್ಲಿ ನಿಂತಿರುವುದು ಅವಳಿಗೆ ಗೊತ್ತಿತ್ತು. ಅಳಿಯನೊಡನೆ ಮಾತಾಡುವ ಹಾಗಿಲ್ಲ, ನಾಯಿಯೊಡನೆ ಮಾತಾಡಬೇಡವೆಂದು ಯಾರೂ ಹೇಳಿಲ್ಲ.

"ನೋಡೋ ಸಾರ್ಜೆಂಟ್, ಎಂಥಾ ಬೇಟೆಗಾರ ಸಿಕ್ಕಿದಾನೆ ನಮ್ ಮನೆಗೆ. ಈ ಕಾಂಗರೂ ಚಳಿಗೆ ಸತ್ತಿರೋದಪ್ಪ. ಗುಂಡೇ ಬೇಕಾಗಿಲ್ಲ."

ಲಾರಿಯ ಮರೆಯಿಂದ ಮರ್ವಿನ್ ಭಾವಮೈದುನನಿಗೆ ಹೇಳಿದ, "ಸ್ಟಾನ್ಲಿ, ಹಲ್ಲಿಲ್ಲದೋರಿಗೆ ಯಾವ ಮಾಂಸ ತಂದ್ರೇನು, ಹೇಳು."

ಸ್ಟಾನ್ಲಿ ಇಬ್ಬರ ನಡುವೆ ನಿಂತು ಬಾಲವನ್ನು ನೋಡಿದ. "ನನ್ನ ಯಾಕೆ ಎಳೀತೀರಾ? ನಾನು ಬೇಸ್ ನುಡಿಸೋನು."

ಅಲ್ಲಿಂದ ಶುರುವಾಯಿತು. ಮರ್ವಿನ್ ತಂಡ ಕಟ್ಟಿಕೊಂಡು ಹೆಂಡತಿಯನ್ನೂ ಕರೆದುಕೊಂಡು ಪಟ್ಟಣಕ್ಕೆ ಹೋಗುತ್ತಿದ್ದ. ಅಲ್ಲಿನ ಹೋಟೆಲಿನವರು ಅವರನ್ನು ಹಿಂಬಾಗಿಲಿಂದ ಒಳಗೆ ಬಿಟ್ಟು, ಹಾಡಿಸಿ, ಹಿಂಬಾಗಿಲಿಂದಲೇ ಹೊರಗೆ ಕಳಿಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಕೂತು ಒಂದು ಲೋಟ ಕುಡಿಯುವ ಹಾಗಿರಲಿಲ್ಲ. ಮಲಗುವುದು ಒಣಗಿದ ಹೊಳೆಯ ಮರಳಲ್ಲಿ. ಅಲ್ಲಿಂದಲೂ ಪೊಲೀಸರು ಎಬ್ಬಿಸುತ್ತಿದ್ದರು. ಲೊರೈನ್ ಪ್ರತಿ ಸಲ ಇನ್ನಷ್ಟು ಬಡಕಲಾಗಿ ಊರಿಗೆ ಮರಳುತ್ತಿದ್ದಳು. ಬೆರಿಲ್ ಮಗಳ ತೋಳು ಹಿಡಿದು ನೋಡಿದಳು. ಕೋಲು, ನಾಯಿ ಸಮೇತ ಅಳಿಯನ ಮನೆಗೆ ಹೋಗುವ ದಾರಿಯಲ್ಲೇ ಎಲೆಚಪ್ಪರ ಹಾಕಿ ಕೂತುಬಿಟ್ಟಳು. ಅವಳು ಅಲ್ಲಿ ಕೂತರೆ ಅವನು ಆ ದಾರಿಯಲ್ಲಿ ಬರುವಂತಿಲ್ಲ. ಕಣ್ಣೆದುರೇ ಇರುವ ತನ್ನ ಮನೆಗೆ ಮರ್ವಿನ್ ಕಸದಗುಂಡಿಯ ಹಿಂದಿನಿಂದ, ಮುಳ್ಳುಹುಲ್ಲು ದಾಟಿ, ಊರೆಲ್ಲ ಸುತ್ತಿ ಬರಬೇಕಾಯಿತು. ಮೊನಚು ಬೂಟಿನ ತುದಿ ಆ ವರ್ಷವೇ ಕಿತ್ತುಹೋಯಿತು.

ಆ ಸಿಟ್ಟಿನಲ್ಲಿ ಅವನು ಜೀವನದಲ್ಲಿ ಮೊದಲ ಬಾರಿ ಸ್ವಂತ ಹಾಡೊಂದನ್ನು ಕಟ್ಟಿದ. ಅಲ್ಲಿಯವರೆಗೆ ಹಾಡಿದ್ದೆಲ್ಲ ಯಜಮಾನನ ಜಗಲಿಯಿಂದ ಕದ್ದು ಕೇಳಿದವು.

*ನನ್ನ ಮನೆಯ ದಾರಿಯಲ್ಲೊಂದು ಬೆಟ್ಟ ಅಡ್ಡ ಕೂತಿದೆ,
ಹತ್ತಿ ಹೋದರೂ ಬೆಟ್ಟವೇ, ಸುತ್ತಿ ಹೋದರೂ ಬೆಟ್ಟವೇ,
ಕೋಲೂರಿ ಅಂಗಡಿಗೆ ಬರುವ ಬೆಟ್ಟಕ್ಕೆ ನಾಯಿಗಳ ಕಾವಲು.*

ರಾಗ ಚೆನ್ನಾಗಿತ್ತು. ಅದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು, ಅಂದರೆ ಊರೆಲ್ಲ ಒಪ್ಪಿತು. ನಮ್ಮವರ ರೇಡಿಯೋದಲ್ಲಿ ಬಂತು. ಸುತ್ತಲಿನ ಊರುಗಳ ಅಳಿಯಂದಿರೆಲ್ಲ ಅದನ್ನು ಗುನುಗಿದರು, ಯಾಕೆ ಗುನುಗುತ್ತೀರೆಂದು ಕೇಳಿದರೆ ಆಕಾಶ ನೋಡಿದರು.

ಬೆರಿಲ್ ದೂರು ಒಯ್ದಳು. ಅಳಿಯ ತನ್ನ ವಿಷಯ ಬಾಯಿಗೆ ತಂದಿದ್ದಾನೆ, ಅದೂ ಹಾಡಿ, ಅದೂ ರೇಡಿಯೋದಲ್ಲಿ. ಇದಕ್ಕೆ ಈಟಿಯ ತುದಿ ತೊಡೆಗೆ ತಾಗುವ ಶಿಕ್ಷೆಯೂ ಉಂಟು. ಹಿರಿಯರು ಮರದಡಿ ಕೂತರು. ಬೆರಿಲ್ ಸಾಕಷ್ಟು ದೂರದ ಇನ್ನೊಂದು ಮರದಡಿ, ಈ ಕಡೆ ಬೆನ್ನು ಮಾಡಿ ಕೂತಳು. ವಿಚಾರಣೆ ಮುದುಕ ಸೈಲಸನದು.

"ಏನೋ ಮರ್ವಿನ್, ಆ ಹಾಡು ಯಾರ ಮೇಲೋ?"

"ಬೆಟ್ಟದ ಮೇಲೆ, ತಾತ."

"ಬೆಟ್ಟಕ್ಕೆ ನಾಯಿ ಯಾಕೋ ಇದಾವೆ?"

"ಕಾಡುನಾಯಿ. ಬೆಟ್ಟದಲ್ಲಿ ಕಾಡುನಾಯಿ ಇರಲ್ವಾ?"

"ಕೋಲೂರ್ಕೊಂಡು ಅಂಗಡಿಗೆ ಬರತ್ತಂತಲ್ಲೋ ನಿನ್ನ ಬೆಟ್ಟ. ಸಕ್ಕರೆ ತಗೊಳ್ಳೋಕಾ?"

ಸುತ್ತ ಕೂತವರು ನೆಲ ಕೆರೆಯುತ್ತಾ ನಗು ನುಂಗಿದರು. ಮರ್ವಿನ್ ಟೋಪಿ ಸರಿಮಾಡಿಕೊಂಡ. "ಕಲಾವಿದರು ಹಾಗೆಲ್ಲ ಹೇಳ್ತೀವಿ, ತಾತ. ನಿಮಗದು ತಿಳಿಯಲ್ಲ."

"ತಿಳೀದೇ ಇರಬಹುದು. ಸರಿ, ಯಾವ ಬೆಟ್ಟ ಅದು?"

ಮರ್ವಿನ್ ಇಲ್ಲೇ ಎಡವಿದ್ದು. ನಮ್ಮ ನೆಲದಲ್ಲಿ ವಾರಸುದಾರರಿಲ್ಲದ ಬೆಟ್ಟವಿಲ್ಲ. ಯಾವ ಬೆಟ್ಟ ಯಾರ ಅಪ್ಪನ ಕಡೆಯದು, ಯಾರ ತಾಯಿಯ ಕಡೆಯದು, ಅದರ ಹಾಡು ಹಾಡುವ ಹಕ್ಕು ಯಾರದು ಎಂಬುದು ನಡೆಯಲು ಕಲಿತವರಿಗೆಲ್ಲ ಗೊತ್ತು. ಗ್ರಾಮಫೋನಿನ ಪಕ್ಕ ಬೆಳೆದ ಮರ್ವಿನ್‌ಗೆ ಅಮೆರಿಕದ ರೈಲುಹಳಿಗಳ ಹೆಸರು ಗೊತ್ತಿದ್ದವು. ಪಶ್ಚಿಮಕ್ಕೆ ಹೋಗುವಾಗ ಲಾರಿಯಿಂದ ಕಂಡ ಒಂದು ಬೆಟ್ಟ ನೆನಪಾಯಿತು, ಅದನ್ನೇ ಹೇಳಿದ.

"ಉಡದ ಬೆಟ್ಟ."

ಸ್ಟಾನ್ಲಿ ಕಣ್ಣು ಮುಚ್ಚಿಕೊಂಡ. ಉಡದ ಬೆಟ್ಟ ಬೆರಿಲಳ ಅಪ್ಪನದು. ಅವನ ನಂತರ ಅವಳದು. ಸೈಲಸ್ ಬಹಳ ನಿಧಾನವಾಗಿ ಕೇಳಿದ, "ಖಾತ್ರಿನಾ?"

"ಖಾತ್ರಿ."

"ಆಮೇಲೆ ಬೇರೆ ಬೆಟ್ಟ ಅನ್ನಲ್ಲ ತಾನೆ?"

"ಡಿಕ್ಸನ್ ಮನೆತನದೋರು ಮಾತು ಬದಲಾಯಿಸಲ್ಲ."

"ಹಾಗಾದ್ರೆ ಅದು ಬೆಟ್ಟದ ಹಾಡೇ. ಶಿಕ್ಷೆ ಇಲ್ಲ. ಏಳಿ."

ದೂರದ ಮರದಡಿಯಿಂದ, ಎಲ್ಲರಿಗೂ ಕೇಳಿಸುವ ಹಾಗೆ, ಬೆರಿಲ್ ತನ್ನ ನಾಯಿಗೆ ಹೇಳಿದಳು, "ಕೇಳಿಸ್ಕೊಂಡ್ಯಾ ಸಾರ್ಜೆಂಟ್? ಉಡದ ಬೆಟ್ಟವಂತೆ. ನಿನ್ನ ತಲೇಲಿಟ್ಕೊ, ನನಗೆ ವಯಸ್ಸಾಯ್ತು."

ಸ್ಟಾನ್ಲಿ ಮನೆಗೆ ಬರುವ ದಾರಿಯಲ್ಲಿ ಹೇಳಿದ, "ಭಾವ, ಭೂಮಿ ಮೇಲೆ ಬೇರೆ ಬೆಟ್ಟವೇ ಇರ್ಲಿಲ್ವಾ? ಅದು ಅವ್ವಂದು."

"ಯಾರದಾದ್ರೇನೋ. ಗೆದ್ದೆನೋ ಇಲ್ವೋ?"

"ಗೆದ್ದೆ," ಎಂದ ಸ್ಟಾನ್ಲಿ. ಅವನಿಗೆ ವಾದ ಬೇಡವಾಗಿತ್ತು.

ಗೆದ್ದವನ ಹಾಗೆಯೇ ಮರ್ವಿನ್ ಪಟ್ಟಣದ ಜಾನುವಾರು ಪ್ರದರ್ಶನಕ್ಕೆ ಹೋದ. ಅಲ್ಲಿ ಹೋರಿಗಳಿಗೆ ಬಹುಮಾನ ಕೊಟ್ಟ ಮೇಲೆ ಹಾಡು ಇಡುತ್ತಾರೆ. ಮೈದಾನದ ನಡುವೆ ನಿಲ್ಲಿಸಿದ ಲಾರಿಯ ಹಲಗೆಯೇ ವೇದಿಕೆ, ನಾಲ್ಕೂ ಕಡೆ ಬಯಲು. ದಕ್ಷಿಣದ ದೊಡ್ಡ ನಗರದಿಂದ ಕ್ಯಾಸೆಟ್ ಮಾಡುವ ಗ್ರೆಗ್ ಎಂಬ ಬಿಳಿಯ ಬಂದಿದ್ದಾನೆಂಬ ಸುದ್ದಿಯಿತ್ತು. ಮರ್ವಿನ್‌ಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ತನ್ನ ಹೆಸರೂ ತನ್ನ ಮುಖವೂ ಇರುವ ಒಂದು ಕ್ಯಾಸೆಟ್. ಮುಖ ಕಂಡವರು ಕಮ್ಮಿಯಾದ್ದರಿಂದ ಮುಖದ ಮೇಲೇ ಆಸೆ ಹೆಚ್ಚು.

ಅವನು ಲಾರಿ ಹತ್ತಿ ಜನರತ್ತ ನೋಡಿದ. ಮೊದಲ ಸಾಲಿನಲ್ಲಿ ಕೋಲು ಕಂಡಿತು, ತಕ್ಷಣ ತಿರುಗಿದ. ಅಭ್ಯಾಸವಾಗಿತ್ತು, ಅದಕ್ಕೆ ಬೇಸರವಿರಲಿಲ್ಲ. ಆದರೆ ಆ ದಿನ ಬೆರಿಲ್ ಕೂತಲ್ಲೇ ಉಳಿಯಲಿಲ್ಲ. ಹಾಡು ಶುರುವಾದ ಕೂಡಲೇ ಕೋಲೂರಿಕೊಂಡು ಲಾರಿಯ ಸುತ್ತ ನಡೆಯತೊಡಗಿದಳು. ಅವಸರವೇನೂ ಇಲ್ಲ, ಚರ್ಚಿಗೆ ಹೋಗುವವಳ ಹಾಗೆ. ಅವಳು ಪೂರ್ವಕ್ಕೆ ಬಂದರೆ ಮರ್ವಿನ್ ಪಶ್ಚಿಮಕ್ಕೆ ತಿರುಗಿದ, ದಕ್ಷಿಣಕ್ಕೆ ಬಂದರೆ ಉತ್ತರಕ್ಕೆ. ಹಾಡಿನ ನಡುವೆ ನಿಲ್ಲಿಸುವುದು ಸೋಲು. ಅವಳು ಸುತ್ತಿದ ಹಾಗೆಲ್ಲ ಅವನೂ ಸುತ್ತಿದ, ಗಿಟಾರಿನ ಕರೆಂಟು ತಂತಿ ಕಾಲಿಗೆ ಸುತ್ತಿತು. ಧ್ವನಿವರ್ಧಕ ಹಿಡಿದು ಘೋಷಣೆ ಮಾಡುತ್ತಿದ್ದ ಇನ್ನೊಬ್ಬ ಬಿಳಿಯ, "ಯಾರಾದ್ರೂ ಅವನಿಗೆ ಜನ ಯಾವ ಕಡೆ ಇದಾರೆ ಅಂತ ತೋರಿಸ್ರಪ್ಪ, ಗೂಟಕ್ಕೆ ಮೇಕೆ ಕಟ್ಟಿದ ಹಾಗಾಯ್ತು" ಅಂದ. ಮೈದಾನ ಗೊಳ್ಳೆಂದಿತು. ಮರ್ವಿನ್ ಬಿದ್ದ. ಟೋಪಿ ಉರುಳಿ ಬಹುಮಾನದ ಹೋರಿಯ ಮುಂದೆ ನಿಂತಿತು. ಹೋರಿ ಮೂಸಿ ನೋಡಿ ಬಿಟ್ಟುಬಿಟ್ಟಿತು.

ಲೊರೈನ್ ವೇದಿಕೆಯ ಮೇಲೇ ಇದ್ದಳು. ಗಂಡನನ್ನು ಎಬ್ಬಿಸುವ ಮೊದಲು ಹಾಡಿನ ಕೊನೆಯ ಸಾಲನ್ನು ಹಾಡಿ ಮುಗಿಸಿದಳು.

ಗ್ರೆಗ್ ಆಮೇಲೆ ಮರ್ವಿನ್ ಹತ್ತಿರ ಬಂದ. ಬಿದ್ದದ್ದನ್ನು ಆತ ಲೆಕ್ಕಕ್ಕೇ ಇಟ್ಟಿರಲಿಲ್ಲ. "ಆ ಬೆಟ್ಟದ ಹಾಡು ನನಗೆ ಬೇಕು. ಮುಂದಿನ ತಿಂಗಳು ನಿಮ್ಮೂರಿಗೇ ಯಂತ್ರ ತರ್ತೀನಿ. ಆ ಹಾಡಿದ್ರೇನೇ ಕ್ಯಾಸೆಟ್. ಬೇರೆ ಹಾಡುಗಳು ನಮ್ಮ ಕಡೆ ಬೇಕಾದಷ್ಟಿವೆ."

ಮುಂದಿನ ತಿಂಗಳವರೆಗೆ ಮರ್ವಿನ್ ನೆಲದ ಮೇಲೆ ನಡೆಯಲಿಲ್ಲ. ಕನ್ನಡಿಯ ಮುಂದೆ ಟೋಪಿಯನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಯಾವುದು ಕ್ಯಾಸೆಟ್ಟಿಗೆ ಒಪ್ಪುತ್ತದೆಂದು ಲೊರೈನಳನ್ನು ಕೇಳುತ್ತಿದ್ದ. ಅವಳು ಹಿಟ್ಟು ನಾದುತ್ತಾ, "ಕೆಳಕ್ಕೆ ಇಳಿಸು, ಇನ್ನೂ ಕೆಳಕ್ಕೆ, ಗಲ್ಲದವರೆಗೆ" ಎಂದಳು.

ಗ್ರೆಗ್ ಬಂದ ದಿನ ಬೆರಿಲ್ ಮತ್ತೆ ಹಿರಿಯರನ್ನು ಸೇರಿಸಿದಳು. ಈ ಸಲದ ದೂರು ಚಿಕ್ಕದು. ಸೈಲಸನೇ ಅದನ್ನು ಮರ್ವಿನ್‌ಗೆ ತಿಳಿಸಿದ.

"ಉಡದ ಬೆಟ್ಟದ ಹಾಡು ಉಡದ ಬೆಟ್ಟದೋರಿಗೆ ಸೇರಿದ್ದು. ಅವರ ಅಪ್ಪಣೆ ಇಲ್ಲದೆ ಹಾಡಿದೀಯ. ಇನ್ನು ಹಾಡೋ ಹಾಗಿಲ್ಲ. ಹಾಡು ಅವರಿಗೆ ಒಪ್ಪಿಸು."

"ನಾನು ಕಟ್ಟಿದ ಹಾಡು, ತಾತ."

"ಬೆಟ್ಟ ನೀನು ಕಟ್ಟಿದ್ದಾ?"

"ತಾತ, ಅದು ಆ ಬೆಟ್ಟ ಅಲ್ಲ."

"ಮತ್ತೆ ಯಾವುದು? ಅಥ್ವಾ ಬೆಟ್ಟವೇ ಅಲ್ವಾ? ಹಾಗಾದ್ರೆ ಯಾರ ಮೇಲೆ ಅಂತ ಬಾಯಿಬಿಟ್ಟು ಹೇಳು. ಈಟಿ ನನ್ನ ಮನೇಲೇ ಇದೆ, ಚೂಪಾಗೂ ಇದೆ. ಅಂಥ ಹಾಡನ್ನ ಆಮೇಲೆ ಯಾರೂ ಹಾಡಲ್ಲ."

ಮರ್ವಿನ್ ಹೆಂಡತಿಯ ಕಡೆ ನೋಡಿದ. ಹಾಡು ಅತ್ತೆಯ ಮೇಲೆ ಎಂದರೆ ತೊಡೆಗೆ ಈಟಿ, ಹಾಡಿಗೆ ಸಾವು. ಬೆಟ್ಟದ ಮೇಲೆ ಎಂದರೆ ಹಾಡು ಅತ್ತೆಗೆ.

"ನನ್ನ ಯಾಕೆ ನೋಡ್ತೀಯ?" ಎಂದಳು ಲೊರೈನ್. "ಕಟ್ಟೋವಾಗ ನನ್ನ ಕೇಳಿದ್ಯಾ? ಬೆಟ್ಟದ ಹೆಸರು ಹೇಳೋವಾಗ ಕೇಳಿದ್ಯಾ? ನಮ್ಮವ್ವನ್ನ ರೇಡಿಯೋದಲ್ಲಿ ಕುಣಿಸಿ, ಪಕ್ಕದಲ್ಲಿ ನಿಂತು ನನ್ನ ಕೈಯಲ್ಲೇ ಅದನ್ನ ಹಾಡಿಸಿದೆ. ನಾನೂ ಹಾಡಿದೆ, ನಾಚಿಕೆಗೆಟ್ಟೋಳು."

"ಚೆನ್ನಾಗೇ ಹಾಡಿದೆ," ಎಂದ ಮರ್ವಿನ್, ಬೇರೇನೂ ತೋಚದೆ.

"ನಿನಗಿಂತ ಚೆನ್ನಾಗಿ ಹಾಡಿದೆ. ಮೊದಲು ತಾತನಿಗೆ ಉತ್ತರ ಕೊಡು."

"ಬೆಟ್ಟ," ಎಂದ ಮರ್ವಿನ್. ಅಲ್ಲಿಗೆ ಹಾಡು ಕೈಬಿಟ್ಟಿತು.

ಗ್ರೆಗ್‌ಗೆ ಇದೊಂದೂ ಅರ್ಥವಾಗಲಿಲ್ಲ, ಅರ್ಥವಾಗಬೇಕೆಂಬ ಹಟವೂ ಇರಲಿಲ್ಲ. ಅಷ್ಟು ದೂರದಿಂದ ಯಂತ್ರ ಹೊತ್ತು ತಂದಿದ್ದ, ಯಾರು ಹಾಡಿದರೂ ಸರಿ. ಬೆರಿಲ್ ತನ್ನ ಮೇಳವನ್ನು ಚರ್ಚಿಗೆ ಕರೆದಳು. ರಾಗ ಅದೇ. ಮಾತು ಮಾತ್ರ ಅವಳದು.

*ನನ್ನ ಬೆಟ್ಟದ ಬುಡದಲ್ಲೊಂದು ಟೋಪಿ ನಿಂತಿದೆ,
ಯಾರಿರಬಹುದೆಂದು ಎತ್ತಿ ನೋಡಿದೆ,
ಕೆಳಗೆ ಯಾರೂ ಇರಲಿಲ್ಲ.*

ಟೋಪಿ ಯಾವುದೆಂದು ಸೈಲಸ್ ಕೇಳಲಿಲ್ಲ. ಟೋಪಿಗಳಿಗೆ ವಾರಸುದಾರರ ಕಟ್ಟಳೆಯಿಲ್ಲ. ಲೊರೈನ್ ಮೊದಲ ಸಾಲಿನಲ್ಲಿ ನಿಂತಳು. ಇನ್ನೊಬ್ಬರ ದನಿಯ ಅಡಿ ಹಾಡಿ ಹಾಡಿ ಬೇಸತ್ತಿದ್ದ ದನಿ, ಆ ದಿನ ತಗಡಿನ ಸೂರಿಗೆ ತಾಗಿ ಮರಳಿತು.

ತೊಡಕಿದ್ದದ್ದು ಒಂದೇ. ಆ ರಾಗಕ್ಕೆ ಗಿಟಾರು ಬೇಕು, ಅದನ್ನು ನುಡಿಸುವ ಪಟ್ಟು ಊರಿನಲ್ಲಿ ಸರಿಯಾಗಿ ಗೊತ್ತಿದ್ದದ್ದು ಮರ್ವಿನ್‌ಗೆ ಮಾತ್ರ. ಸ್ಟಾನ್ಲಿ ಬಂದು ಕೇಳಿದ. ಮರ್ವಿನ್ ಸತ್ತರೂ ನುಡಿಸುವುದಿಲ್ಲವೆಂದ.

"ಸರಿ ಬಿಡು, ಭಾವ. ಪಕ್ಕದ ಪಾದ್ರಿ ಮಿಷನ್ನಿನ ಲೆಸ್ಲಿಗೆ ಹೇಳಿ ಕಳಿಸ್ತೀವಿ."

"ಲೆಸ್ಲಿನಾ? ಅವನು ಗಿಟಾರು ಹಿಡಿದ್ರೆ ಸೌದೆ ಒಡೆದ ಹಾಗಿರುತ್ತೆ."

"ಒಡೀಲಿ ಬಿಡು. ನಿನಗೇನು?"

ಲೆಸ್ಲಿಯ ಬೆರಳುಗಳು ತನ್ನ ರಾಗದ ಮೇಲೆ ಓಡಾಡುವುದನ್ನು ನೆನೆದು ಮರ್ವಿನ್ ಎದ್ದ. ಅತ್ತೆಯಿರುವ ಕೋಣೆಯೊಳಗೆ ಹೋಗುವ ಹಾಗಿಲ್ಲವಾದ್ದರಿಂದ ಚರ್ಚಿನ ಹಿಂದೆ, ಬಿಸಿಲಿಗೆ ಕಾದ ತಗಡಿನ ಗೋಡೆಗೆ ಮುಖ ಮಾಡಿ ಕೂತ. ಗ್ರೆಗ್ ಕಿಟಕಿಯಿಂದ ಮೈಕಿನ ತಂತಿಯೊಂದನ್ನು ಹೊರಗೆ ಬಿಟ್ಟ. ಒಳಗೆ ಹೆಂಗಸರು ಟೋಪಿಯನ್ನು ಎತ್ತಿ ಎತ್ತಿ ನೋಡಿದರು. ಹೊರಗೆ ಟೋಪಿಯ ಕೆಳಗೆ ಬೆವರು ಇಳಿಸುತ್ತಾ ಮರ್ವಿನ್ ನುಡಿಸಿದ. ಸಿಟ್ಟಿನಲ್ಲಿ ಅವನ ಕೈ ಎಂದೂ ಓಡದಷ್ಟು ಚೆನ್ನಾಗಿ ಓಡಿತು. ಒಳಗಿನವರು ಅದಕ್ಕೆ ಸರಿಯಾಗಿ ಇನ್ನಷ್ಟು ಜೋರಾಗಿ ಅವನನ್ನು ಹೀಯಾಳಿಸಿದರು. ಎರಡೂ ಕಡೆಯವರಿಗೆ ಬಿಡುವ ಮನಸ್ಸಿರಲಿಲ್ಲ.

ಮುಗಿದ ಮೇಲೆ ಗ್ರೆಗ್ ಕ್ಯಾಸೆಟ್ಟಿನ ಹೊದಿಕೆಯ ಮಾತು ತೆಗೆದ. ಫೋಟೋ ಮೇಳದ್ದು, ನಡುವೆ ಬೆರಿಲ್, ಸುತ್ತ ನಾಯಿಗಳು. "ಗಿಟಾರಿನವನ ಹೆಸರೂ ಹಾಕ್ಬೇಕಲ್ಲ," ಎಂದು ಆತ ಬೆರಿಲಳನ್ನು ಕೇಳಿದ.

ಗೋಡೆಯಾಚೆ ಮರ್ವಿನ್ ಕಿವಿಯನ್ನು ತಗಡಿಗೆ ಹಚ್ಚಿದ, ಸುಟ್ಟುಕೊಂಡು ಹಿಂದೆಗೆದ.

"ಹಾಕೋ ಹಾಗಿಲ್ಲಪ್ಪ," ಎಂದಳು ಬೆರಿಲ್, ಬಹಳ ವಿನಯದಿಂದ. "ಆ ಹೆಸರು ನನ್ನ ಹೆಸರಿನ ಪಕ್ಕ ಕೂರೋ ಹಾಗಿಲ್ಲ. ನಮ್ಮಲ್ಲಿ ಮರ್ಯಾದೆ."

ಗ್ರೆಗ್ ಲೊರೈನಳತ್ತ ತಿರುಗಿದ. ಅವಳು ಕುತ್ತಿಗೆಯ ಬೆವರು ಒರೆಸಿಕೊಂಡಳು. "ಅವ್ವ ಹೇಳೋದು ಸರಿ. ಕಟ್ಟಳೆ ಹಾಗೇ ಇರೋದು."

"ಏನೂ ಹಾಕ್ದೇ ಇರೋದು ಚೆನ್ನಾಗಿರಲ್ಲ."

ಬೆರಿಲ್ ಯೋಚಿಸಿದಳು. "ಅಳಿಯ ಅಂತ ಹಾಕು. ಹೆಸರೇನೂ ಬೇಡ. ಗಿಟಾರು, ಅಳಿಯ."

ಸ್ಟಾನ್ಲಿ ಹೊರಗೆ ಬಂದು ಸುದ್ದಿ ಹೇಳುವಷ್ಟರಲ್ಲಿ ಮರ್ವಿನ್ ಎಲ್ಲವನ್ನೂ ಕೇಳಿಸಿಕೊಂಡು, ಗಿಟಾರು ಚೀಲಕ್ಕೆ ಹಾಕಿ, ಎದ್ದು ನಿಂತಿದ್ದ. ಸ್ಟಾನ್ಲಿಗೆ ಅವನು ಗಿಟಾರು ನೆಲಕ್ಕೆ ಅಪ್ಪಳಿಸುತ್ತಾನೆಂದು ಅನಿಸಿತ್ತು. ಅವನು ಟೋಪಿಯನ್ನು ಎಡಕ್ಕೆ ವಾಲಿಸಿಕೊಂಡ.

"ಒಳಗೆ ಹೋಗಿ ಆ ಗ್ರೆಗ್‌ಗೆ ಹೇಳು. ಅಳಿಯ ಅಂತ ಹಾಕೋದಾದ್ರೆ ದಪ್ಪಕ್ಷರದಲ್ಲಿ ಹಾಕೋಕೆ ಹೇಳು."

ಸ್ಟಾನ್ಲಿ ಹೋಗಿ ಹೇಳಿದ. ಒಳಗಿನಿಂದ ಬೆರಿಲಳ ದನಿ ಗೋಡೆಗೂ ಕೇಳಿಸುವ ಹಾಗೆ ಬಂತು, "ಸಣ್ಣಕ್ಷರ."

ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಕ್ಯಾಸೆಟ್ಟುಗಳು ಪೆಟ್ಟಿಗೆಯಲ್ಲಿ ಬಂದವು. ಮರ್ವಿನ್ ಒಂದನ್ನು ತೆಗೆದುಕೊಂಡು ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಂತು, ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ ಮುರುಗಿಸಿ ಹುಡುಕಿದ. ಕೊನೆಗೆ ಅಂಗಡಿಯವನ ಕನ್ನಡಕ ಕೇಳಿ ತರಿಸಿದ. ಸಣ್ಣಕ್ಷರದಲ್ಲೇ ಹಾಕಿದ್ದರು.